ಎಡಗಣ್ಣಿನ ಚುಕ್ಕೆ

ನನ್ನ ಎಡಗಣ್ಣಿನಲ್ಲಿ ಒಂದು ಚುಕ್ಕೆ ಇದೆ. ನಲವತ್ತೇಳು ವರ್ಷ ಅದು ಅಲ್ಲಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಆಮೇಲೆ ನಾಲ್ಕು ತಿಂಗಳು ಅದನ್ನು ಬಿಟ್ಟು ಬೇರೆ ಯಾವುದೂ ಗೊತ್ತಿರಲಿಲ್ಲ.

ನಮ್ಮದು ಅಕ್ಕಿಹೆಬ್ಬಾಳಿನ ಹತ್ತಿರದ ಹಳ್ಳಿ. ಊರಿನ ಹಾಲಿನ ಡೈರಿಗೆ ನಾನು ಸೆಕ್ರೆಟರಿ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತೇನೆ, ಕ್ಯಾನು ಹಿಡಿದು ಜನ ಸಾಲು ನಿಲ್ಲುತ್ತಾರೆ. ಹಾಲು ನೋಡೋಕೆ ಎಷ್ಟೇ ಗಟ್ಟಿಯಾಗಿರಲಿ, ಮೆಷಿನ್ನಿಗೆ ಹಾಕದೆ ಒಂದು ತೊಟ್ಟೂ ತೆಗೆದುಕೊಳ್ಳುವುದಿಲ್ಲ. 'ಏನಕ್ಕಾ, ನಮ್ಮ ಮೇಲೇ ಅನುಮಾನವಾ?' ಎಂದು ಯಾರಾದರೂ ಮುಖ ಸಿಂಡರಿಸಿದರೆ, 'ಬೆಳ್ಳಗಿರೋದೆಲ್ಲ ಹಾಲಲ್ಲ ಕಣಪ್ಪ, ಸರಿಯಾಗಿ ನಿಂತ್ಕೊ' ಎನ್ನುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು. ಅಂಥವಳು ಹೇಗೆ ಹಳ್ಳಕ್ಕೆ ಬಿದ್ದೆ ಎಂದು ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಬಿದ್ದದ್ದಕ್ಕೆ ಒಂದು ಕಾರಣ ನಮ್ಮ ಮನೆಯಲ್ಲೇ ಇತ್ತು. ನಮ್ಮ ಯಜಮಾನರು ಸುಳಿ ನೋಡುವವರು. ದನದ ಮೈಮೇಲೆ ಕೂದಲು ಸುತ್ತಿಕೊಂಡು ಬೆಳೆದಿರುವ ಜಾಗಕ್ಕೆ ಸುಳಿ ಅನ್ನುತ್ತಾರೆ. ಹಣೆಯಲ್ಲಿದ್ದರೆ ಒಂದು ಫಲ, ಬೆನ್ನಿನ ಮೇಲಿದ್ದರೆ ಇನ್ನೊಂದು, ಬಾಲದ ಬುಡದಲ್ಲಿದ್ದರೆ ಕೊಂಡ ಮನೆಗೇ ಕೇಡು. ಸುತ್ತಲ ಹತ್ತು ಹಳ್ಳಿಯವರು ಎತ್ತು ಕೊಳ್ಳುವ ಮುಂಚೆ ನಮ್ಮವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಅವರು ದನದ ಸುತ್ತ ಒಂದು ಸುತ್ತು ಬಂದು, ಕಣ್ಣಿನೊಳಗೆ ಬಗ್ಗಿ ನೋಡಿ, ಮೈಮೇಲೆ ಅಂಗೈ ಆಡಿಸಿ, ಒಂದೇ ಮಾತು ಹೇಳುತ್ತಾರೆ: 'ಹಿಡಿ' ಅಥವಾ 'ಬುಡು'. ಅಷ್ಟೇ. ಅವರು 'ಬುಡು' ಎಂದ ಹಸುವೊಂದನ್ನು ಬಿಂಡಿಗನವಿಲೆಯಲ್ಲಿರುವ ನಮ್ಮ ನಾದಿನಿಯ ಮನೆಯವರು ಹಟಕ್ಕೆ ಬಿದ್ದು ಕಟ್ಟಿಕೊಂಡರು. ಅದು ಆರು ಕರು ಹಾಕಿ ಇನ್ನೂ ಹಾಲು ಕೊಡುತ್ತಿದೆ. ನಾನು ಆ ಮಾತೆತ್ತಿದರೆ, 'ಆ ಮನೇವ್ರ ಗ್ರಹಚಾರ ಗಟ್ಟಿಯಾಗೈತೆ, ಅದ್ಕೆ ತಡ್ಕಂಡವ್ರೆ' ಎಂದು ಬೀಡಿ ಹಚ್ಚುತ್ತಾರೆ.

ಈ ಸುಳಿಯವರಲ್ಲಿ ಒಂದು ಕಟ್ಟು ಇದೆ. ಒಬ್ಬರು ನೋಡಿ ಹೇಳಿದ ದನವನ್ನು ಇನ್ನೊಬ್ಬರ ಕೈಲಿ ನೋಡಿಸಬಾರದು. ನೋಡಿಸಿದರೆ ಮೊದಲು ನೋಡಿದವನಿಗೆ ಅವಮಾನ, ದನಕ್ಕೂ ಏಳಿಗೆಯಿಲ್ಲ. ನಮ್ಮವರು ಈ ಕಟ್ಟನ್ನು ಒಂದು ಸಲವೂ ಮುರಿದವರಲ್ಲ.

ಕಳೆದ ವರ್ಷ ಯುಗಾದಿ ಕಳೆದ ಮೇಲೆ ನಾದಿನಿ ನಮ್ಮ ಮನೆಗೆ ಬಂದಳು. ಎರಡು ವರ್ಷದಿಂದ ಮಂಡಿನೋವು ಎಂದು ಕುಂಟುತ್ತಿದ್ದವಳು ಬಸ್ಸಿನಿಂದ ಚಂಗನೆ ಇಳಿದಳಂತೆ. 'ಅತ್ತಿಗೆ, ಪ್ಯಾಟೆಲಿ ಒಂದು ಶಿಬಿರ ಮಾಡವ್ರೆ, ಕಣ್ಣಿನ ಫೋಟೋ ತೆಗ್ದು ಮೈಯಲ್ಲಿರೋದ್ನೆಲ್ಲ ಹೇಳ್ಬುಡ್ತಾರೆ. ಸೂಜಿ ಇಲ್ಲ, ರಕ್ತ ತೆಗ್ಯಂಗಿಲ್ಲ. ನನ್ ಮಂಡಿ ವಿಷ್ಯ ನಾನು ಬಾಯೇ ಬುಟ್ಟಿರ್ಲಿಲ್ಲ, ಅವ್ರೇ ಹೇಳುದ್ರು' ಎಂದಳು. ಶಿಬಿರದ ಬಾಗಿಲಿಗೆ ಕುಂಟುತ್ತ ಹೋದವಳ ಮಂಡಿ ವಿಷಯ ಹೇಳೋಕೆ ಕಣ್ಣೊಳಗೆ ಯಾಕೆ ನೋಡಬೇಕು ಎಂದು ನಾನು ನಕ್ಕೆ. ಯಜಮಾನರು ನಗಲಿಲ್ಲ. 'ಯಾಕಾಗ್ಬಾರ್ದು? ದನದ ಕಣ್ಣು ನೋಡಿ ನಾನು ಹೇಳಾಕಿಲ್ವ?' ಎಂದರು. ಮುಂದಿನ ಭಾನುವಾರ ಮೂವರೂ ಕೆ.ಆರ್. ಪೇಟೆಯ ಬಸ್ಸು ಹತ್ತಿದೆವು.

ಶಿಬಿರ ಒಂದು ಮದುವೆ ಮಂಟಪದಲ್ಲಿತ್ತು. ಬಾಗಿಲಿಗೆ ಕಟ್ಟಿದ್ದ ಬ್ಯಾನರಿನಲ್ಲಿ ದೊಡ್ಡದೊಂದು ಕಣ್ಣು, ಕೆಳಗೆ 'ಇರಿಡಾಲಜಿ' ಅನ್ನುವ ಪದ, ಅದರ ಕೆಳಗೆ 'ಸೂಜಿಯಿಲ್ಲ, ನೋವಿಲ್ಲ, ಅಡ್ಡ ಪರಿಣಾಮವಿಲ್ಲ' ಅನ್ನುವ ಸಾಲು. ಒಳಗೆ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ದೀಪವಿರುವ ಪುಟ್ಟ ಕ್ಯಾಮೆರಾ. ಗೋಡೆಯ ಮೇಲೆ ಎರಡು ಕಣ್ಣಿನ ನಕ್ಷೆ. ಪಾಪೆಯ ಸುತ್ತ ಇರುವ ಬಣ್ಣದ ಬಳೆಯನ್ನು ಗಡಿಯಾರದ ಹಾಗೆ ಭಾಗ ಮಾಡಿ, ಇದು ಹೃದಯದ ಜಾಗ, ಇದು ಪಿತ್ತಕೋಶದ ಜಾಗ, ಇದು ಮೂತ್ರಪಿಂಡದ ಜಾಗ ಎಂದು ಬರೆದಿದ್ದರು. ನಮ್ಮ ಯಜಮಾನರು ಆ ನಕ್ಷೆಯ ಮುಂದೆ ನಿಂತವರು ಅಲ್ಲಿಂದ ಕದಲಲೇ ಇಲ್ಲ. ಅವರ ಮುಖ ನೋಡಿ ನನಗೆ ಗೊತ್ತಾಯಿತು. ತಮ್ಮ ಸುಳಿ ವಿದ್ಯೆಯನ್ನೇ ಯಾರೋ ಓದಿದವರು ನೀಟಾಗಿ ಅಚ್ಚು ಹಾಕಿಸಿದ್ದಾರೆ ಎಂದು ಅವರಿಗೆ ಅನ್ನಿಸಿತ್ತು. ಯಾವ ಜಾಗದಲ್ಲಿ ಗುರುತು ಬಿದ್ದರೆ ಯಾವ ಫಲ ಅನ್ನುವುದು ಅವರಿಗೆ ಹೊಸದಾಗಿರಲಿಲ್ಲ.

ಕಣ್ಣು ನೋಡುವವನು ಬಿಳಿ ಕೋಟು ಹಾಕಿಕೊಂಡಿದ್ದ, ಮಾತು ಮೆತ್ತಗೆ. ಮೊದಲು ಯಜಮಾನರನ್ನು ಕೂರಿಸಿದ. ಪರದೆಯ ಮೇಲೆ ಅವರ ಕಣ್ಣು ಊಟದ ತಟ್ಟೆಯಷ್ಟು ದೊಡ್ಡದಾಗಿ ಕಂಡಿತು. ಬಲ, ಎಡ ಎರಡನ್ನೂ ತಿರುಗಿಸಿ ನೋಡಿ, 'ಸರ್, ನಿಮ್ಮ ಕಣ್ಣು ಗಾಜಿನ ಹಾಗಿದೆ. ಹೃದಯದ ಜಾಗ, ರಕ್ತನಾಳದ ಜಾಗ ಎಲ್ಲಾ ಶುದ್ಧ' ಎಂದ. ಬೀಪಿ ಮಾತ್ರೆ ತಗೋತೀನಲ್ಲ ಎಂದು ಯಜಮಾನರು ಹೇಳಿದ್ದಕ್ಕೆ ನಕ್ಕು, 'ಕಣ್ಣಲ್ಲಿ ಇಲ್ಲದ ಕಾಯಿಲೆ ಮೈಯಲ್ಲಿ ಇರಲ್ಲ ಸರ್' ಎಂದ. ಮಾತ್ರೆ ಬಿಡಿ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆಮೇಲೆ ನನ್ನ ಸರದಿ. ಬಲಗಣ್ಣು ನೋಡಿ ತಲೆ ಆಡಿಸಿದ. ಎಡಗಣ್ಣಿನ ಚಿತ್ರ ಬಂದಾಗ ಅದನ್ನು ಇನ್ನಷ್ಟು ದೊಡ್ಡದು ಮಾಡಿದ. ಕಂದು ಬಳೆಯ ಕೆಳಗಡೆ, ಗಡಿಯಾರದಲ್ಲಿ ಐದು ಗಂಟೆ ಇರುವ ಕಡೆ, ಸಾಸಿವೆಯಷ್ಟು ಕಪ್ಪು ಚುಕ್ಕೆ. ಅವನು ಪೆನ್ನಿನ ತುದಿಯಲ್ಲಿ ಅದನ್ನು ತೋರಿಸಿ, 'ಮೇಡಂ, ಇದು ಗರ್ಭಕೋಶದ ಜಾಗ. ಈಗ ಚುಕ್ಕೆ ಇದೆ. ಬಿಟ್ಟರೆ ಒಳಗೆ ಗಂಟಾಗುತ್ತೆ. ಎಂಥ ಗಂಟು ಅಂತ ನಾನು ಈಗಲೇ ಹೇಳಲ್ಲ, ಹೆದರಬೇಡಿ' ಎಂದ. ಹೆದರಬೇಡಿ ಅನ್ನುವ ಮಾತಿಗಿಂತ ಹೆದರಿಕೆ ಹುಟ್ಟಿಸುವ ಮಾತು ಇನ್ನೊಂದಿಲ್ಲ. ಒಂದು ಪುಡಿ, ಒಂದು ಹನಿ ಔಷಧಿ ಕೊಟ್ಟು, ತಿಂಗಳಿಗೊಮ್ಮೆ ಬನ್ನಿ, ಚುಕ್ಕೆ ಬೆಳೆದಿದೆಯೋ ನೋಡೋಣ ಎಂದು ಕಳಿಸಿದ. ವಾಪಸ್ ಬಸ್ಸಿನಲ್ಲಿ ನಾದಿನಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಯಜಮಾನರು ಕಿಟಕಿಯಾಚೆ ನೋಡುತ್ತ ಇದ್ದರು.

ಅಲ್ಲಿಂದ ಶುರುವಾಯಿತು. ಬೆಳಗ್ಗೆ ಎದ್ದ ತಕ್ಷಣ ಕನ್ನಡಿ ಮುಂದೆ ನಿಂತು, ಕೆಳರೆಪ್ಪೆ ಎಳೆದು, ಮೊಬೈಲಿನ ಟಾರ್ಚು ಬಿಟ್ಟು ಚುಕ್ಕೆ ನೋಡುವುದು. ಫೋಟೋ ತೆಗೆದು ನಿನ್ನೆಯದರ ಪಕ್ಕ ಇಟ್ಟು ನೋಡುವುದು. ಒಂದು ದಿನ ದೊಡ್ಡದಾಗಿದೆ ಅನ್ನಿಸಿ ತಟ್ಟೆ ಹಾಗೇ ಬಿಟ್ಟು ಏಳುತ್ತಿದ್ದೆ. ಮರುದಿನ ಚಿಕ್ಕದಾಗಿದೆ ಅನ್ನಿಸಿ ಒಂದು ತುತ್ತು ಅನ್ನ ಇಳಿಯುತ್ತಿತ್ತು. ಹೊಟ್ಟೆಯ ಕೆಳಗೆ ಚೂರು ಹಿಡಿದರೂ ಸಾಕು, ಗಂಟು ಬಂತು ಎಂದು ಡೈರಿಯ ಸ್ಟೂಲಿನ ಮೇಲೆ ಕುಸಿದು ಕೂರುತ್ತಿದ್ದೆ. ತಿಂಗಳ ಮುಟ್ಟು ನಾಲ್ಕು ದಿನ ತಡವಾದಾಗ, ಈ ವಯಸ್ಸಿಗೆ ಹಾಗೆ ಆಗುತ್ತದೆ ಎಂದು ಗೊತ್ತಿದ್ದರೂ, ಬಚ್ಚಲ ಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಸಾಯುವುದಕ್ಕಿಂತ ಹೆಚ್ಚಾಗಿ, ನೋವು ತಿಂದು ಸಾಯುವುದಕ್ಕೆ ನನಗೆ ಭಯವಾಗಿತ್ತು.

ಆಸ್ಪತ್ರೆಗೆ ಹೋಗಿ ಒಂದು ಸ್ಕ್ಯಾನಿಂಗ್ ಮಾಡಿಸಬಹುದಿತ್ತು. ಪಾಂಡವಪುರಕ್ಕೆ ಹೋಗಿದ್ದರೆ ಅರ್ಧ ದಿನದ ಕೆಲಸ. ಒಂದು ಸಂಜೆ ಮಾತೆತ್ತಿದೆ. ಹಸುವಿಗೆ ಹುಲ್ಲು ಹಾಕುತ್ತಿದ್ದ ಯಜಮಾನರು ಕೈಲಿದ್ದ ಕಂತೆಯನ್ನು ಹಾಗೇ ಹಿಡಿದು ನಿಂತರು. 'ಒಬ್ರು ನೋಡಿ ಯೋಳವ್ರೆ. ಅವ್ರ ಔಸ್ತಿ ಮುಗಿಯೋವರ್ಗೂ ಇನ್ನೊಬ್ರಿಗೆ ತೋರ್ಸಾದು ಬ್ಯಾಡ ಕಣಮ್ಮಿ. ಏಳ್ಗೆಯಾಗಾಕಿಲ್ಲ' ಎಂದರು. ದನದ ಕಟ್ಟನ್ನು ನನಗೂ ಹಾಕಿದರು. ಬೇರೆ ದಿನವಾಗಿದ್ದರೆ, 'ನಾನೇನು ನೀವು ಸಂತೆಯಿಂದ ಹೊಡ್ಕೊಂಡ್ ಬಂದ ಹಸುವಾ?' ಎಂದು ಜಗಳಕ್ಕೆ ನಿಲ್ಲುತ್ತಿದ್ದೆ. ಅವತ್ತು ನಿಲ್ಲಲಿಲ್ಲ. ಸತ್ಯ ಹೇಳಬೇಕೆಂದರೆ ನನಗೆ ಆ ಕಟ್ಟು ಬೇಕಾಗಿತ್ತು. ಸ್ಕ್ಯಾನಿಂಗಿನಲ್ಲಿ ಗಂಟು ಕಂಡುಬಿಟ್ಟರೆ ಅನ್ನುವ ಹೆದರಿಕೆಗಿಂತ, ಚುಕ್ಕೆ ನೋಡಿಕೊಂಡು ಹೆದರುವುದೇ ಸುಲಭವಾಗಿತ್ತು. ಶ್ರೀರಂಗಪಟ್ಟಣದಲ್ಲಿರುವ ಮಗಳಿಗೆ ಹೇಳಲಿಲ್ಲ. ಅವಳಿಗೆ ಆಗ ಆರು ತಿಂಗಳು, ಬಸುರಿಯ ಕಿವಿಗೆ ಇಂಥ ಮಾತು ಹಾಕುವುದು ಹೇಗೆ?

ಯಜಮಾನರ ನಡತೆಯೂ ಬದಲಾಯಿತು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಒಂದು ಲೋಟ ನೀರು ತಾವಾಗಿ ತೆಗೆದುಕೊಳ್ಳದವರು ಸೌದೆ ಒಡೆದು ಒಳಗೆ ತಂದಿಟ್ಟರು. ನಾನು ಹೊರುತ್ತಿದ್ದ ಹುಲ್ಲಿನ ಹೊರೆ ತಾವು ಹೊತ್ತರು. ನಾನು ಊಟ ಮಾಡುವಾಗ ಎದುರಿಗೆ ಕೂತು ನೋಡುತ್ತಿದ್ದರು. ಆ ನೋಟ ನನಗೆ ಗೊತ್ತಿದ್ದ ನೋಟ. ಸುಳಿ ಸರಿಯಿಲ್ಲದ ದನವನ್ನು ಮಾರುವ ತನಕ ಅವರು ಚೆನ್ನಾಗಿಯೇ ಮೇಯಿಸುತ್ತಾರೆ, ಹೀಗೇ ನೋಡುತ್ತಾರೆ. ಇವರ ಲೆಕ್ಕದಲ್ಲಿ ನಾನು ಆಗಲೇ ಹೊರಟವಳು ಎಂದುಕೊಂಡೆ. ಹೆದರಿಕೆಯ ಜೊತೆ ಸಿಟ್ಟೂ ಬಂತು. ಅವರು ಹತ್ತಿರ ಬಂದರೆ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದೆ. ಪಾಪ, ಅವರ ಮುಖವನ್ನು ನಾನು ಆಗ ಸರಿಯಾಗಿ ನೋಡಿದ್ದರೆ ಏನಾದರೂ ಕಾಣುತ್ತಿತ್ತೇನೋ. ಎರಡು ಸಲ ತಲೆನೋವು ಅಂದದ್ದು ನೆನಪಿದೆ. ಬಿಸಿಲಿಗೆ ಎಂದುಕೊಂಡು ಒಂದು ಲೋಟ ಮಜ್ಜಿಗೆ ಕೊಟ್ಟೆ. ಅಷ್ಟೇ ನಾನು ಮಾಡಿದ್ದು.

ಶ್ರಾವಣದಲ್ಲಿ ಒಂದು ಬೆಳಗ್ಗೆ ಡೈರಿಯಲ್ಲಿ ಸಾಲು ಅರ್ಧ ಕರಗಿತ್ತು. ನಮ್ಮ ಮನೆಯ ಕ್ಯಾನು ಹಿಡಿದು ಯಜಮಾನರು ಬಂದರು. ಮೆಟ್ಟಿಲ ಮೇಲೆ ಕಾಲು ಎಡವಿದ ಹಾಗಾಯಿತು. ಕ್ಯಾನು ಕೈಜಾರಿ ಉರುಳಿತು, ಹಾಲು ಮೆಟ್ಟಿಲ ಮೇಲೆಲ್ಲ ಹರಿಯಿತು. 'ನೋಡ್ಕೊಂಡ್ ಬರ್ಬಾರ್ದಾ' ಎಂದು ರೇಗಿ ತಲೆ ಎತ್ತಿದೆ. ಅವರ ಬಾಯಿ ಒಂದು ಕಡೆಗೆ ವಾಲಿತ್ತು. ಏನೋ ಹೇಳಲು ಹೋದರು, ಮಾತು ಬರಲಿಲ್ಲ, ನಾಲಿಗೆ ದಪ್ಪ ಆದವರ ಹಾಗೆ ಒಂದು ಸದ್ದು ಬಂತು. ಬಲಗೈ ಜೋತು ಬಿದ್ದಿತ್ತು. ಹಾಗೇ ಹಾಲಿನಲ್ಲಿ ಕೂತುಬಿಟ್ಟರು. ನಾನು ಅವರ ಮುಖ ಹಿಡಿದುಕೊಂಡು ಕಣ್ಣೊಳಗೆ ನೋಡಿದೆ. ಹುಚ್ಚು ನೋಡಿ ನನ್ನದು, ಆ ಹೊತ್ತಿನಲ್ಲೂ ಕಣ್ಣಿನಲ್ಲಿ ಗುರುತು ಹುಡುಕಿದೆ. ಕಣ್ಣು ಗಾಜಿನ ಹಾಗೆಯೇ ಇತ್ತು.

ಸಾಲಿನಲ್ಲಿದ್ದವರೇ ಆಂಬುಲೆನ್ಸಿಗೆ ಫೋನು ಮಾಡಿದರು. ಪೇಟೆಯ ಆಸ್ಪತ್ರೆಯಲ್ಲಿ ನರ್ಸು ತೋಳಿಗೆ ಪಟ್ಟಿ ಕಟ್ಟಿ ಬೀಪಿ ನೋಡಿದಳು. ಅಂಕಿ ನೋಡಿ ಅವಳ ಮುಖ ಬದಲಾಯಿತು, ಪಟ್ಟಿ ಬಿಚ್ಚಿ ಇನ್ನೊಂದು ಸಲ ಕಟ್ಟಿದಳು. ಆಮೇಲೆ ಡಾಕ್ಟರು ಬಂದು ಮೂರನೇ ಸಲ ನೋಡಿದರು. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡಿದರೆ ಇವರಿಗೆ ಯಾರಿಗೂ ಅವಮಾನವಾಗಲಿಲ್ಲ. ತಡ ಮಾಡಬೇಡಿ, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಪಾಂಡವಪುರದ ದಾರಿಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ಆಂಬುಲೆನ್ಸು ನಿಂತು ನಿಂತು ಹೋಯಿತು. ಅವರ ಎಡಗೈ ನನ್ನ ಕೈಯಲ್ಲಿತ್ತು, ಅದು ಬಿಸಿಯಾಗಿದೆಯೋ ಎಂದು ನಿಮಿಷಕ್ಕೊಮ್ಮೆ ಒತ್ತಿ ನೋಡುತ್ತಿದ್ದೆ. ಇಡೀ ದಾರಿಯಲ್ಲಿ ನನ್ನ ಚುಕ್ಕೆ ನನಗೆ ಒಂದು ಸಲವೂ ನೆನಪಾಗಲಿಲ್ಲ.

ಮೈಸೂರಿನಲ್ಲಿ ತಲೆ ಸ್ಕ್ಯಾನಿಂಗ್ ಮಾಡಿದರು. ಬೀಪಿ ಏರಿ ಮೆದುಳಿಗೆ ಪೆಟ್ಟು ಬಿದ್ದಿದೆ, ಬೇಗ ತಂದಿದ್ದೀರಿ, ಆದರೂ ಜೀವದ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದರು. ಡಾಕ್ಟರು ಹೆಂಗಸು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. 'ಬೀಪಿ ಮಾತ್ರೆ ತಗೋತಿದ್ರಾ ಅಮ್ಮ?' ಎಂದು ಕೇಳಿದರು. ತಗೋತಿದ್ರು ಎಂದೆ. 'ಸರಿಯಾಗಿ ನೆನಪು ಮಾಡ್ಕೊಳಿ' ಎಂದರು. ಸುದ್ದಿ ತಿಳಿದು ನಮ್ಮ ಮನೆಗೆ ಬಂದಿದ್ದ ನಾದಿನಿಗೆ ಫೋನು ಮಾಡಿ ಹುಡುಕು ಎಂದೆ. ಅರ್ಧ ಗಂಟೆಯ ಮೇಲೆ ಅವಳು ಅಳುತ್ತ ಫೋನು ಮಾಡಿದಳು. ಕೊಟ್ಟಿಗೆಯ ಗೂಡಿನಲ್ಲಿ, ಹಸುವಿಗೆ ಹಾಕುವ ಪುಡಿಯ ಡಬ್ಬದ ಹಿಂದೆ, ಒಡೆಯದ ಮಾತ್ರೆಯ ಹಾಳೆಗಳು ಒಂದರ ಮೇಲೊಂದು ಇದ್ದವಂತೆ. ಪ್ರತಿ ತಿಂಗಳೂ ಅಂಗಡಿಯಿಂದ ತಂದಿದ್ದರು, ನನ್ನ ಕಣ್ಣಿಗೆ ಬೀಳದಂತೆ ಅಲ್ಲಿಟ್ಟಿದ್ದರು. ಶಿಬಿರದಿಂದ ಬಂದ ಮಾರನೇ ದಿನದಿಂದ ಒಂದನ್ನೂ ನುಂಗಿರಲಿಲ್ಲ.

ಮೂರನೇ ದಿನ ಕಣ್ಣಿನ ಡಾಕ್ಟರೊಬ್ಬರು ವಾರ್ಡಿಗೆ ಬಂದು ಯಜಮಾನರ ಕಣ್ಣಿಗೆ ಹನಿ ಹಾಕಿ, ಹಣೆಗೆ ದೀಪ ಕಟ್ಟಿಕೊಂಡು ಒಳಗೆ ನೋಡಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳಗಳು ಕೆಟ್ಟಿವೆ, ಬೀಪಿ ಬಹಳ ದಿನದಿಂದ ಹೆಚ್ಚಿದೆ ಎಂದರು. 'ಹಾಗಾದ್ರೆ ಕಣ್ಣು ನೋಡಿ ಗೊತ್ತಾಗುತ್ತಾ ಸಾರ್?' ಎಂದು ಕೇಳಿದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ಅವರು ಕೂತು ಹೇಳಿದರು. ಹಿಂದಿನ ಪರದೆಯಲ್ಲಿ ರಕ್ತನಾಳ ಕಣ್ಣಾರೆ ಕಾಣುತ್ತದೆ, ಅದಕ್ಕೇ ನೋಡುವುದು. ಬಿಳಿಗುಡ್ಡೆ ಹಳದಿಯಾದರೆ ಕಾಮಾಲೆ ಅನ್ನಬಹುದು. ಮುಂದಿನ ಬಣ್ಣದ ಬಳೆಯಲ್ಲಿ ಗರ್ಭಕೋಶದ ಜಾಗ, ಹೃದಯದ ಜಾಗ ಅಂತ ಇಲ್ಲ. ಅದರ ಗೆರೆ, ಚುಕ್ಕೆ ಮೈಮೇಲಿನ ಮಚ್ಚೆ ಇದ್ದ ಹಾಗೆ, ಒಬ್ಬೊಬ್ಬರಿಗೆ ಒಂದೊಂದು ತರ. ನನ್ನ ಚುಕ್ಕೆಯನ್ನೂ ಒಂದು ನಿಮಿಷ ನೋಡಿ, 'ಇದು ಮಚ್ಚೆ ಅಷ್ಟೇ. ಭಯ ಇದ್ರೆ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿ, ಕಣ್ಣು ನೋಡ್ಕೊಂಡು ಕೂರಬೇಡಿ' ಎಂದರು. ಮಗಳು ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಶ್ರೀರಂಗಪಟ್ಟಣದಿಂದ ದಿನಾ ಬರುತ್ತಿದ್ದಳು. ವಿಷಯ ಗೊತ್ತಾಗಿ ನನ್ನನ್ನು ಬೈದು, ಅವತ್ತೇ ಎಳೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದಳು. ಏನೂ ಇರಲಿಲ್ಲ. ಖುಷಿಯಾಗಬೇಕಿತ್ತು. ಆ ರಿಪೋರ್ಟು ಕೈಲಿ ಹಿಡಿದಾಗ ನನಗೆ ನಾಚಿಕೆಯಾಯಿತು.

ಈಗಲೂ ಡೈರಿಯಲ್ಲಿ ಹೆಂಗಸರು ಕೇಳುತ್ತಾರೆ, ಆ ಕಣ್ಣಿನ ವಿದ್ಯೆಯಿಂದ ಉಪಯೋಗವೇ ಇಲ್ಲವಾ, ನಿಮ್ಮ ನಾದಿನಿಯ ಮಂಡಿ ವಾಸಿಯಾಯಿತಲ್ಲ ಎಂದು. ವಾಸಿಯಾದದ್ದು ನಿಜ. ಅವನು ಕರಿದದ್ದು ತಿನ್ನಬೇಡ, ದಿನಾ ನಡಿ ಎಂದಿದ್ದ. ಅವಳು ಮೈ ಇಳಿಸಿದಳು, ಮಂಡಿಯ ಭಾರ ಇಳಿಯಿತು. ಅದಕ್ಕೆ ಕಣ್ಣಿನ ಫೋಟೋ ಬೇಕಿರಲಿಲ್ಲ. ಇಲ್ಲದ ಕಾಯಿಲೆಯನ್ನು ನನಗೆ ಹಚ್ಚಿದ, ಇದ್ದ ಕಾಯಿಲೆಯನ್ನು ನಮ್ಮವರಿಂದ ಕಿತ್ತುಕೊಂಡ. ಸೂಜಿಯಿಲ್ಲ, ನೋವಿಲ್ಲ, ಅಡ್ಡ ಪರಿಣಾಮವಿಲ್ಲ ಎಂದು ಬ್ಯಾನರಿನಲ್ಲಿ ಬರೆಸಿದ್ದರಲ್ಲ, ನಮ್ಮ ಮನೆಗೆ ಬಂದು ನೋಡಲಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ. ಲೋಟ ಹಾಲಿಗೆ ಮೆಷಿನ್ನು ಕೇಳುವವಳು ನನ್ನ ಗಂಡನ ಜೀವಕ್ಕೆ ಕೇಳಲಿಲ್ಲ.

ಯಜಮಾನರು ಉಳಿದುಕೊಂಡರು. ಇಪ್ಪತ್ತು ದಿನಕ್ಕೆ ಮನೆಗೆ ಬಂದರು. ಬಲಗಾಲು ಎಳೆದು ನಡೆಯುತ್ತಾರೆ, ಬಲಗೈಯಲ್ಲಿ ಲೋಟ ನಿಲ್ಲುವುದಿಲ್ಲ. ಮಾತು ನಿಧಾನ, ಆದರೆ ಅರ್ಥವಾಗುತ್ತದೆ. ಇನ್ನೊಂದು ಸಲ ಹೀಗಾದರೆ ಕಷ್ಟ ಎಂದು ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದ್ದಾರೆ. ಆ ಮಾತು ನನ್ನ ಜೊತೆ ಎದ್ದು ನನ್ನ ಜೊತೆ ಮಲಗುತ್ತದೆ. ಅವರ ಕೈಯಿಂದ ಏನು ಬಿದ್ದರೂ, ಒಂದು ಚಮಚ ಬಿದ್ದರೂ, ನಾನು ಇದ್ದಲ್ಲಿಂದ ಓಡುತ್ತೇನೆ. ಅವರು ಒಂದು ಪದಕ್ಕೆ ತಡವರಿಸಿದರೆ ಎಡಗೈ ಎತ್ತಿ ತೋರಿಸಿ ಎನ್ನುತ್ತೇನೆ. ಈ ಹೆದರಿಕೆಗೆ ಪುಡಿಯೂ ಇಲ್ಲ, ಹನಿಯೂ ಇಲ್ಲ.

ದಿನಾ ಬೆಳಗ್ಗೆ ಡೈರಿಗೆ ಹೋಗುವ ಮುಂಚೆ ಜಗುಲಿಯಲ್ಲಿ ಅವರನ್ನು ಕೂರಿಸಿ ಮಾತ್ರೆ ಕೊಡುತ್ತೇನೆ. ನುಂಗಿದ ಮೇಲೆ, 'ಬಾಯಿ ತೆಗೀರಿ' ಎಂದು ನಾಲಿಗೆಯ ಕೆಳಗೂ ನೋಡುತ್ತೇನೆ. ಮೊದಮೊದಲು, 'ದನಕ್ಕೆ ಹಲ್ಲು ನೋಡ್ದಂಗೆ ನೋಡ್ತೀಯಲ್ಲ' ಎಂದು ಒಂದು ಕಡೆ ಬಾಯಲ್ಲೇ ನಗುತ್ತಿದ್ದರು. ಮಾತ್ರೆ ಯಾಕೆ ಬಿಟ್ಟಿರಿ ಎಂದು ನಾನು ಕೇಳಿರಲಿಲ್ಲ. ಕಣ್ಣು ಗಾಜಿನ ಹಾಗಿದೆ ಎಂದು ಅವನು ಅಂದ ಗರ್ವಕ್ಕೆ ಬಿಟ್ಟರು ಎಂದೇ ತೀರ್ಮಾನಿಸಿಕೊಂಡಿದ್ದೆ. ಒಳಗೊಳಗೇ ಅದಕ್ಕೆ ಕೋಪವೂ ಇತ್ತು. ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ.

ಅವರು ಬಹಳ ಹೊತ್ತು ಪದ ಹುಡುಕಿದರು. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

'ನಿಂಗೆ ಗಂಟು ಅಂದ್ನಲ್ಲ' ಎಂದರು. 'ನಾನೊಬ್ನಾದ್ರೂ ಗಟ್ಟಿಯಾಗಿ ಇರ್ಬೇಕಿತ್ತು ಕಣಮ್ಮಿ, ನಿನ್ನ ನೋಡ್ಕಳಕೆ. ಮಾತ್ರೆ ನುಂಗುದ್ರೆ ನಾನೂ ಕಾಯ್ಲೆಯವ್ನು ಅಂತ ಆಗೋಯ್ತದಲ್ಲ... ದಿನಾ ನೋಡ್ತಿದ್ದೆ ನಿನ್ನ. ಎಲ್ಲಿ ಹೊಂಟೋಯ್ತೀಯೋ ಅಂತ.'

ಊಟದ ಹೊತ್ತಿನಲ್ಲಿ ಎದುರಿಗೆ ಕೂತು ನೋಡುತ್ತಿದ್ದರಲ್ಲ, ನಾನು ಮುಖ ತಿರುಗಿಸಿಕೊಂಡು ಏಳುತ್ತಿದ್ದೆನಲ್ಲ. ಆ ನಾಲ್ಕು ತಿಂಗಳೂ ನಾನು ಹೆದರಿದ್ದು ನನಗಾಗಿ. ಅವರು ಹೆದರಿದ್ದೂ ನನಗಾಗಿಯೇ. ಅವರಿಗಾಗಿ ಹೆದರುವವರು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ.